ದೀಪ ಹಚ್ಚಿದ ಮೇಲಿನ ಹೆಪ್ಪು

ಮೊಸರನ್ನು ದುಡ್ಡು ಕೊಟ್ಟು ತಂದರೆ ಆ ಮನೆಯ ಹೆಂಗಸಿಗೆ ಮೈ ಹುಷಾರಿಲ್ಲವೇನೋ ಎಂದು ನೆರೆಯವರು ವಿಚಾರಿಸುತ್ತಿದ್ದ ಕಾಲ ಅದು. ರಾಜ್ಯಕ್ಕೂ ಊರಿಗೂ ಇನ್ನೂ ಒಂದೇ ಹೆಸರಿತ್ತು. ದೇವರಾಜ ಮೊಹಲ್ಲಾದಲ್ಲಿ, ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ನಮ್ಮ ವಠಾರ. ನಡುವೆ ಚಪ್ಪಡಿ ಹಾಸಿದ ಅಂಗಳ, ಅಂಗಳದಲ್ಲಿ ಒಂದು ನಲ್ಲಿ, ಒಂದು ತುಳಸಿಕಟ್ಟೆ, ಸುತ್ತ ಆರು ಮನೆ. ಅಲ್ಲಿನ ವಾಸನೆ ನೆನಪು ಮಾಡಿಕೊಂಡರೆ ಬೆಳಗಿನ ಮಲ್ಲಿಗೆಯೂ ಸಂಜೆಯ ಕೊಳೆತ ವೀಳ್ಯದೆಲೆಯೂ ಒಟ್ಟಿಗೇ ಬರುತ್ತವೆ. ಎರಡೂ ಒಂದೇ ಹೊತ್ತಿನಲ್ಲಿ ಇದ್ದಿರಲಾರವು. ನನ್ನ ನೆನಪು ಹೀಗೆಯೇ, ಬೇರೆ ಬೇರೆ ಹೊತ್ತುಗಳನ್ನು ಸೇರಿಸಿ ಹೊಲಿದಿಡುತ್ತದೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಯಾವುದು ಕಂಡದ್ದು, ಯಾವುದು ಆಮೇಲೆ ತಿಳಿದು ಅಂಟಿಸಿದ್ದು ಎಂದು ಕೇಳಿಕೊಳ್ಳುತ್ತಲೇ ಬರೆಯುತ್ತಿದ್ದೇನೆ.

ಮನೆಗಳ ನಡುವಿನ ಗೋಡೆಗಳು ಹೆಂಚಿನವರೆಗೂ ಏರಿರಲಿಲ್ಲ. ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು. ಯಾರು ಕೆಮ್ಮಿದರು, ಯಾವ ಮಗು ಮಗ್ಗಿ ತಪ್ಪಿತು, ಎಲ್ಲವೂ ಎಲ್ಲರಿಗೂ ಕೇಳುತ್ತಿತ್ತು.

ನಾನು ಹೇಳುತ್ತಿರುವುದು ಒಂದು ಚಳಿಗಾಲದ ಮಾತು. ಕಾರ್ತಿಕದಲ್ಲಿ ದಿನವೂ ತುಳಸಿಕಟ್ಟೆಗೆ ದೀಪ. ಅದು ಮುಗಿಯುವ ಹೊತ್ತಿಗೆ ಅವರೆಕಾಯಿ ಬರುತ್ತಿತ್ತು. ಮಧ್ಯಾಹ್ನ ಹೆಂಗಸರೆಲ್ಲ ಅಂಗಳದ ಬಿಸಿಲಿಗೆ ಕೂತು ನೆನೆದ ಕಾಳನ್ನು ಹಿಚುಕಿ ಬೇಳೆ ತೆಗೆಯುತ್ತಿದ್ದರು. ಅವರೆಯ ಸೊಗಡು ಅವರ ಬೆರಳಿನಿಂದ ನಮ್ಮ ತಲೆಗೂದಲಿಗೂ ಹತ್ತುತ್ತಿತ್ತು. ಚಳಿಗೆ ಮೊಸರು ಸರಿಯಾಗಿ ಹೆಪ್ಪಾಗುವುದಿಲ್ಲ, ಹಾಗಾಗಿ ಒಬ್ಬರ ಮನೆಯಿಂದ ಒಬ್ಬರು ಹೆಪ್ಪು ಕೇಳಿ ತರುವುದು ಹೆಚ್ಚು. ಆದರೆ ಅದಕ್ಕೊಂದು ಕಟ್ಟುಪಾಡಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ ಯಾರಿಗೂ ಕೊಡಬಾರದು. ಕೊಟ್ಟರೆ ಅದರ ಜೊತೆಗೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ. ಇದು ಪ್ರತಿ ಮಗುವಿಗೂ ಗೊತ್ತಿತ್ತು.

ನಮ್ಮ ವಠಾರದಲ್ಲಿ ಮಾತ್ರ ದೀಪ ಹಚ್ಚಿದ ಮೇಲೂ ಹೆಪ್ಪು ಕೇಳುತ್ತಿದ್ದರು.

ಯಾವುದೋ ಒಂದು ಮನೆಯಿಂದ ಗಂಡಸಿನ ದನಿ ಏರುತ್ತಿತ್ತು. ಪಾತ್ರೆ ಉರುಳುತ್ತಿತ್ತು. ಆಮೇಲೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ಅಮ್ಮ ಆಗ ನೀಲಿ ಅಂಚಿನ ಪಿಂಗಾಣಿ ಬಟ್ಟಲನ್ನು ನನ್ನ ಕೈಗೆ ಕೊಡುತ್ತಿದ್ದಳು. ನಾನು ಆ ಮನೆಯ ಬಾಗಿಲು ತಟ್ಟಿ, ಅಮ್ಮ ಹೆಪ್ಪು ಕೇಳಿದಳು ಎಂದು ಕೂಗುತ್ತಿದ್ದೆ. ಒಳಗೆ ಸದ್ದು ನಿಲ್ಲುತ್ತಿತ್ತು. ನೆರೆಮನೆಯ ಮಗು ಬಾಗಿಲಲ್ಲಿ ನಿಂತಿರುವಾಗ ಹೊಡೆಯುವಷ್ಟು ಕೆಟ್ಟವರು ನಮ್ಮ ವಠಾರದಲ್ಲಿ ಇರಲಿಲ್ಲ. ಆ ಮನೆಯಾಕೆ ಸೆರಗಿನಿಂದ ಮುಖ ಒರೆಸಿಕೊಂಡು ಬರುವಳು. ಬಟ್ಟಲಿಗೆ ನಿಧಾನವಾಗಿ ಮೊಸರು ಹಾಕುವಳು. ಊಟ ಆಯಿತೆ, ಏನು ಸಾರು, ಸ್ಕೂಲಿನಲ್ಲಿ ಏನು ಹೇಳಿಕೊಟ್ಟರು ಎಂದು ಬಾಗಿಲಲ್ಲೇ ನಿಂತು ಕೇಳುವಳು. ಅಷ್ಟರಲ್ಲಿ ಗಂಡಸು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವನು. ಇಷ್ಟೇ. ಯಾರೂ ಯಾರನ್ನೂ ಗದರಿಸುತ್ತಿರಲಿಲ್ಲ. ಬೆಳಿಗ್ಗೆ ಗಂಡಸರೆಲ್ಲ ಒಂದೇ ಜಗಲಿಯಲ್ಲಿ ಕೂತು ಒಬ್ಬರ ನಶ್ಯದ ಡಬ್ಬಿಗೆ ಇನ್ನೊಬ್ಬರು ಕೈ ಹಾಕುತ್ತಿದ್ದರು. ಹೊಡೆತ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅವರ ಮನೇಲಿ ಗಲಾಟೆ, ಎನ್ನುತ್ತಿದ್ದರು.

ಎದುರು ಮನೆಯ ನಾಗಮ್ಮನವರ ಗಂಡನಿಗೆ ಮಾರುಕಟ್ಟೆಯಲ್ಲಿ ಎಲೆ ಅಂಗಡಿ. ಇಬ್ಬರಿಗೂ ತಲೆ ನರೆತಿತ್ತು. ಅಲ್ಲಿಗೂ ಬಟ್ಟಲು ಹೋಗುತ್ತಿತ್ತು. ನಾಗಮ್ಮ ಬಾಗಿಲು ತೆರೆದು, ಒಳಗಿದ್ದವರಿಗೆ ಕೇಳಲಿ ಎಂದು ಗಟ್ಟಿಯಾಗಿ, "ಬಾ ಮಗ, ಒಳ್ಳೆ ಒತ್ಗೆ ಬಂದ್ಬುಟ್ಟೆ" ಎಂದು ನಗುತ್ತಿದ್ದರು.

ಬಟ್ಟಲು ಹಿಡಿದುಕೊಂಡು ಹೋಗುವುದರಲ್ಲಿ ನನಗೆ ಜಂಬವಿತ್ತು. ಏಕೆಂದರೆ ಅದು ನಮ್ಮ ಮನೆಯಿಂದ ಹೋಗುತ್ತಿತ್ತು, ನಮ್ಮ ಮನೆಗೆ ಬರುತ್ತಿರಲಿಲ್ಲ. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ಜಗಲಿಯಲ್ಲಿ ಪತ್ರಿಕೆ ಓದಿ ಉಳಿದ ಗಂಡಸರಿಗೆ ಅರ್ಥ ಹೇಳುತ್ತಿದ್ದವರು ಅವರೇ. ಅವರ ದನಿ ಏರಿದ್ದನ್ನು ಯಾರೂ ಕೇಳಿರಲಿಲ್ಲ. ನಮ್ಮದು ಗಲಾಟೆ ಇಲ್ಲದ ಮನೆ, ಅದು ಹಾಗೆಯೇ ಇರಬೇಕು. ಆ ವಯಸ್ಸಿನಲ್ಲಿ ನನಗಿದ್ದ ಆಸ್ತಿ ಅದೊಂದೇ.

ಕೆಲವು ಸಂಜೆ ಯಾವ ಮನೆಯಲ್ಲೂ ಸದ್ದಿರುತ್ತಿರಲಿಲ್ಲ. ಆಗಲೂ ಅಮ್ಮ ಬಟ್ಟಲು ಕೊಟ್ಟು ನಾಗಮ್ಮನ ಮನೆಗೆ ಹೋಗು ಎನ್ನುತ್ತಿದ್ದಳು. ನಾಗಮ್ಮ ನನ್ನನ್ನು ನೋಡುವರು, ಅಂಗಳದಾಚೆ ನಮ್ಮ ಬಾಗಿಲನ್ನು ನೋಡುವರು. "ನೀ ಕೂತ್ಕೊ ಮಗ. ಎಪ್ಪು ನಾನೇ ಕೊಟ್ಟು ಬತ್ತೀನಿ" ಎಂದು ನನ್ನ ಲಂಗದ ಮಡಿಲಿಗೆ ಹುರಿಗಡಲೆ, ಬೆಲ್ಲದ ಚೂರು ಸುರಿದು ಹೊರಟುಬಿಡುವರು. ನಾನು ಒಲೆಯ ಬಿಸುಪಿಗೆ ಕಾಲು ಚಾಚಿ ಕೂತು, ಬೆಲ್ಲ ಬೇಗ ಕರಗದಂತೆ ದವಡೆಯಲ್ಲಿ ಒತ್ತಿಟ್ಟುಕೊಂಡು ತಿನ್ನುತ್ತಿದ್ದೆ. ಗೋಡೆಯ ಮೇಲೆ ಬುಡ್ಡಿ ದೀಪದ ನೆರಳು. ಮೂಲೆಯಲ್ಲಿ ಒದ್ದೆ ಗೋಣಿ ಹೊದಿಸಿದ ಎಲೆಯ ಪಿಂಡಿ. ಎಷ್ಟು ಹೊತ್ತಾದರೂ ಯಾರೂ ಏಳು ಎನ್ನುತ್ತಿರಲಿಲ್ಲ. ಬಾಲ್ಯದ ಸುಖ ಎಂದಾಗ ನನಗೆ ಮೊದಲು ನೆನಪಾಗುವುದು ಈ ಸಂಜೆಗಳೇ.

ಆ ಕಾರ್ತಿಕದಲ್ಲಿ ಮಂಡಕಳ್ಳಿಯ ಹುಡುಗಿ ಜಯಕ್ಕ ಮದುವೆಯಾಗಿ ಮೂಲೆಮನೆಗೆ ಬಂದಳು. ಗಂಡ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಂದ ಸ್ವಲ್ಪ ದಿನಕ್ಕೇ ಒಂದು ಸಂಜೆ ಅಲ್ಲಿ ಪಾತ್ರೆ ಉರುಳಿತು. ನಾನು ಹೋಗಿ ಬಾಗಿಲು ತಟ್ಟಿದೆ. ಒಳಗಿಂದ ಏದುಸಿರು ಬಿಡುತ್ತ ಜಯಕ್ಕ, "ದೀಪ ಅಚ್ಚಾಯ್ತು ಕಣಮ್ಮ, ಈಗ ಎಪ್ಪು ಕೊಡಬಾರ್ದು. ಬೆಳಿಗ್ಗೆ ಬಾ" ಎಂದಳು. ಬಾಗಿಲು ತೆರೆಯಲಿಲ್ಲ. ನಾನು ಖಾಲಿ ಬಟ್ಟಲು ಹಿಡಿದು ಬಂದೆ. ಅಮ್ಮ ಅದನ್ನು ನೋಡಿ, ಅಯ್ಯೋ ಪೆದ್ದೇ, ಎಂದಳು. ನನಗಂದದ್ದಲ್ಲ.

ಮಾರನೆಯ ಮಧ್ಯಾಹ್ನ ಬೇಳೆ ಹಿಚುಕುತ್ತ ನಾಗಮ್ಮ ಜಯಕ್ಕನ ಕಡೆ ತಿರುಗಿ ಶುರುಮಾಡಿದರು. "ಎಪ್ಪು ಕೇಳುದ್ರೆ ಇಲ್ಲ ಅನ್ಬಾರ್ದು ಕಣಮ್ಮ."

"ದೀಪ ಅಚ್ಚಿದ ಮೇಲೆ ಕೊಟ್ರೆ ಲಕ್ಷ್ಮಿ ಒಂಟೋಯ್ತಾಳೆ ಅಂತಾರಲ್ಲಕ್ಕ."

"ಇದ್ರೆ ತಾನೆ ಓಗಕ್ಕೆ." ಎಲ್ಲರೂ ನಕ್ಕರು. ನಾಗಮ್ಮ ದನಿ ಇಳಿಸಿದರು. "ಬಾಗ್ಲು ತೆಗಿ. ಬಟ್ಲು ಇಸ್ಕೊ. ನಿಧಾನಕ್ಕೆ ಆಕು. ಮಗೀನ ಮಾತಾಡ್ಸು. ಅಷ್ಟೊತ್ಗೆ ಅವನ ಕೈ ತಣ್ಣಗಾಯ್ತದೆ."

ಜಯಕ್ಕನ ಬೆರಳು ನಿಂತವು. ಸುತ್ತ ಕೂತ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಎಲ್ಲಾರ ಮನೇಲೂನಾ?"

ಉಳಿದವರು ಬೇಳೆ ಹಿಚುಕುತ್ತಲೇ ಇದ್ದರು. ಉತ್ತರ ಕೊಟ್ಟವಳು ಅಮ್ಮ. "ಹಾಲು ಕಾಯಿಸೋ ಮನೇಲೆಲ್ಲ ಹೆಪ್ಪು ಬೇಕಾಗುತ್ತೆ ಕಣಮ್ಮ." ಅಮ್ಮ ಬೇರೆಯವರ ವಿಷಯ ಹೇಳುತ್ತಿದ್ದಾಳೆ ಎಂದುಕೊಂಡೆ.

ಜಯಕ್ಕ ಕಲಿತಳು. ಮುಂದಿನ ಸಲ ಬಾಗಿಲು ತೆರೆದಳು.

ಆಮೇಲೊಂದು ಸಂಜೆ. ನಾಗಮ್ಮ ಮಗಳ ಮನೆಗೆ ಹೋಗಿದ್ದರು. ವಠಾರದಲ್ಲಿ ಯಾವ ಸದ್ದೂ ಇರಲಿಲ್ಲ. ಅಮ್ಮ ಬಟ್ಟಲು ಕೊಟ್ಟು, "ಜಯನ ಮನೆಗೆ ಹೋಗು" ಎಂದಳು. ಅಪ್ಪ ಒಳಗೆ ಅಂಗಿ ಬಿಚ್ಚುತ್ತಿದ್ದರು. ಜಯಕ್ಕ ಒಬ್ಬಳೇ ಇದ್ದಳು. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದಳು. ಬಟ್ಟಲು ಇಸಿದುಕೊಂಡು ನಿಧಾನವಾಗಿ ಹೆಪ್ಪು ಹಾಕಿ, ಏನು ಸಾರು ಎಂದು ಕೇಳಿ, ಬಟ್ಟಲನ್ನು ನನ್ನ ಕೈಗೇ ಕೊಟ್ಟು ಕಳಿಸಿದಳು. ಸದ್ದಿಲ್ಲದ ಸಂಜೆ ಬಟ್ಟಲು ಬಂದರೆ ಮಗುವನ್ನು ಕೂರಿಸಿಕೊಂಡು ತಾನೇ ಹೋಗಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಟ್ಟಲು ತುಳುಕದಂತೆ ಎರಡು ಕೈಯಲ್ಲೂ ಹಿಡಿದಿದ್ದೆ. ಬಾಗಿಲನ್ನು ಕಾಲಿನಿಂದ ತಳ್ಳಿದೆ.

ಅಮ್ಮ ಒಲೆಯ ಪಕ್ಕ ನೆಲದ ಮೇಲಿದ್ದಳು. ಅಪ್ಪನ ಎಡಗೈಯಲ್ಲಿ ಅವಳ ತುರುಬು. ಅಮ್ಮ ತನ್ನ ಸೆರಗನ್ನು ತಾನೇ ಬಾಯಿಗೆ ತುರುಕಿಕೊಂಡಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಬರುತ್ತಿತ್ತು. ಯಾವ ಸದ್ದೂ ಇರಲಿಲ್ಲ. ಗೋಡೆಯಾಚೆಯವರಿಗೆ ಹಾಲು ಸೀದ ವಾಸನೆ ಮಾತ್ರ ಬಂದಿರಬೇಕು.

ಅಪ್ಪ ನನ್ನನ್ನು ನೋಡಿ ಕೈ ಬಿಟ್ಟರು. "ಏನದು?" ಎಂದರು. ಮಗ್ಗಿ ಕೇಳುವಾಗಿನ ದನಿಯೇ.

"ಹೆಪ್ಪು" ಎಂದೆ.

"ಅಲ್ಲಿಡು."

ಇಟ್ಟೆ. ಅವರು ಅಂಗಿ ತೊಟ್ಟು, ಗುಂಡಿ ಹಾಕಿ, ಮೇಲೆ ಕೋಟು ಹಾಕಿಕೊಂಡು ಮಾರುಕಟ್ಟೆಯ ಕಡೆ ಹೊರಟರು. ಅಮ್ಮ ಎದ್ದು ಹಾಲಿಳಿಸಿದಳು. ಬೆರಳದ್ದಿ ಬಿಸಿ ನೋಡಿದಳು. ಆರುವವರೆಗೆ ಕಾದು ಹೆಪ್ಪು ಹಾಕಿ, ಪಾತ್ರೆಗೆ ಹಳೆಯ ಬಟ್ಟೆ ಸುತ್ತಿ ಒಲೆಯ ಬದಿಗಿಟ್ಟಳು. ನಾನು ನಿಂತು ಎಲ್ಲವನ್ನೂ ನೋಡಿದೆ. ಅತ್ತೆನೆಂಬ ನೆನಪಿಲ್ಲ.

"ಇಷ್ಟು ಬೇಗ ಯಾಕೆ ಬಂದೆ?" ಎಂದಳು ಅಮ್ಮ. ಅಷ್ಟೇ ಅವಳು ಕೇಳಿದ್ದು.

ಸ್ವಲ್ಪ ಹೊತ್ತಿಗೆ ಜಯಕ್ಕ ಬಾಗಿಲಿಗೆ ಬಂದಳು. ಹೊಳೆದಿರಬೇಕು. "ನಂಗೆ ಗೊತ್ತಾಗ್ನಿಲ್ಲ ಕಣಕ್ಕ" ಎಂದಳು.

"ಹೋಗ್ಲಿ ಬಿಡು" ಎಂದಳು ಅಮ್ಮ. "ಹೆಪ್ಪು ಚೆನ್ನಾಗಿದೆ."

ಮಾರನೆಯ ದಿನ ಮೊಸರು ಗಟ್ಟಿಯಾಗಿ ಬಂದಿತ್ತು. ಅಪ್ಪ ಊಟ ಮಾಡುತ್ತ, ಈ ಚಳಿಯಲ್ಲೂ ಎಷ್ಟು ಚೆನ್ನಾಗಿ ಆಗಿದೆ ನೋಡು ಎಂದರು. ಸಂಜೆ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ತಂದರು. ಅಮ್ಮ ಮುಡಿದುಕೊಂಡಳು.

ನಾಗಮ್ಮ ಊರಿನಿಂದ ಬಂದರು, ಎಲ್ಲ ಮೊದಲಿನಂತೆಯೇ ನಡೆಯಿತು. ಸದ್ದಿಲ್ಲದ ಸಂಜೆಗಳಲ್ಲಿ ಅಮ್ಮ ಬಟ್ಟಲು ಕೊಟ್ಟಳು, ನಾನು ಹೋದೆ, ಕೂತೆ, ಹುರಿಗಡಲೆ ತಿಂದೆ. ಆಮೇಲೆ ಬೆಲ್ಲದ ರುಚಿ ಕೆಟ್ಟಿತು ಎಂದು ಬರೆಯಬೇಕೆನಿಸುತ್ತದೆ. ಕೆಡಲಿಲ್ಲ. ಆ ಸಂಜೆಗಳು ಏನೆಂದು ಪೂರ್ತಿ ಹೊಳೆದದ್ದು ಕಾಲೇಜು ಮುಗಿದ ಮೇಲೆ.

ಈಗ ಶ್ರೀರಾಂಪುರದಲ್ಲಿದ್ದೇನೆ. ಗೋಡೆಗಳು ಚಾವಣಿಯವರೆಗೂ ಇವೆ. ಮೊಸರು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಆ ಕಾಲದಲ್ಲಿ ಇನ್ನೂ ಹುಟ್ಟಿರದಿದ್ದ ನನ್ನ ತಂಗಿಗೆ ಕಾಲೇಜಿನಲ್ಲಿ ಓದುವ ಮೊಮ್ಮಗಳಿದ್ದಾಳೆ. ಅವಳು ಒಮ್ಮೆ, ಅಜ್ಜಿ, ನಿಮ್ಮ ಕಾಲದಲ್ಲಿ ಹೆಂಡತಿಯನ್ನು ಹೊಡೆಯುವುದು ಎಷ್ಟು ಮನೆಯಲ್ಲಿತ್ತು ಎಂದು ಕೇಳಿದಳು. ನಮ್ಮ ವಠಾರದಲ್ಲಿ ಆರು ಮನೆ ಎಂದೆ. ಆರರಲ್ಲಿ ಎಷ್ಟು ಎಂದು ಅವಳು ಕಾದಳು.

ಆ ಬಟ್ಟಲು ಯಾವ ಗಂಡಸನ್ನೂ ತಿದ್ದಲಿಲ್ಲ. ಒಂದು ಸಂಜೆಯನ್ನು ದಾಟಿಸುತ್ತಿತ್ತು, ಅಷ್ಟೇ. ಈಗ ಅದೂ ಇಲ್ಲ. ಪಕ್ಕದ ಮನೆಯಲ್ಲಿ ಏನೂ ಕೇಳಿಸುವುದಿಲ್ಲ. ಕೇಳಿಸದಿರುವುದು ಎಂದರೆ ಏನೆಂದು ನಮ್ಮ ಮನೆಯಲ್ಲೇ ನೋಡಿದ್ದೇನೆ. ಆದರೂ ಬಟ್ಟಲು ಹಿಡಿದು ಯಾರ ಬಾಗಿಲಿಗೂ ಹೋಗುವಂತಿಲ್ಲ. ಹೆಪ್ಪು ಕೇಳಿದರೆ ನಗುತ್ತಾರೆ.

ನಿನ್ನ ಬಾಲ್ಯ ಹೇಗಿತ್ತು ಎಂದವರಿಗೆಲ್ಲ ಸುಖವಾಗಿತ್ತು ಎಂದೇ ಹೇಳಿಕೊಂಡು ಬಂದಿದ್ದೇನೆ. ಬೆಚ್ಚನೆಯ ಒಲೆ, ಬೆಲ್ಲ, ಹುರಿಗಡಲೆ. ಅಂಥ ಸಂಜೆಗಳು ಎಷ್ಟಿದ್ದವು ಎಂದು ಈಗ ನೆನಪು ಮಾಡಿಕೊಳ್ಳಲು ಕೂರುತ್ತೇನೆ. ಬಹಳ ಇದ್ದವು.