ಬಡಿಸುವ ಮೊದಲಿನ ತುತ್ತು

ನಮ್ಮ ದೊಡ್ಡ ಮಾವ, ಎಂದರೆ ತಾಯಿಯ ಅಣ್ಣ, ಪಡೀಲಿನಲ್ಲಿ ಗೇರುಬೀಜದ ಕಾರ್ಖಾನೆ ನಡೆಸುತ್ತಿದ್ದರು. ಅಲ್ಲಿ ದುಡಿಯುವ ಹೆಂಗಸರಿಗೆ ಮಧ್ಯಾಹ್ನದ ಊಟ ಕಾರ್ಖಾನೆಯದೇ. ಒಮ್ಮೆ ಆ ಊಟದಿಂದ ಕೆಲವರು ವಾಂತಿಯಾಗಿ ಮಲಗಿದಾಗ ಮಾವ ಅಡುಗೆಯವನನ್ನು ಗದರಲಿಲ್ಲ. "ಮೊದಲು ನಾನು ಉಣ್ಣಬೇಕಿತ್ತು" ಎಂದರು. ಅಂದಿನಿಂದ, ಅದೇ ಪಾತ್ರೆಯಿಂದ ಅವರು ಉಂಡು ಕೈತೊಳೆದ ಮೇಲೆಯೇ ಉಳಿದವರಿಗೆ ಬಡಿಸುವುದು. ಅವರ ಪುಣ್ಯತಿಥಿಯಂದು ಹಳೆಯ ಕೆಲಸದವರಿಗೆ ನಾವು ಹಾಕುವ ಊಟದಲ್ಲಿ ಆ ಮೊದಲ ತುತ್ತು ಈಗ ಹಿರಿಯನಾದ ನನ್ನ ಪಾಲಿನದು.

ಈ ವರ್ಷ ಮಣ್ಣಗುಡ್ಡದ ಸಭಾಂಗಣದಲ್ಲಿ ಎಲ್ಲವನ್ನೂ ವಹಿಸಿಕೊಂಡವನು ನನ್ನ ತಂಗಿಯ ಮಗ. ಕಾವೂರಿನಲ್ಲಿ ತನ್ನ ಹೊಸ ಮನೆಯ ಒಕ್ಕಲಿನ ದಿನ, "ಮಾವನಿಗೆ ಕುದಿಸಿದ ನೀರಿನಲ್ಲೂ ಹುಳ ಕಾಣ್ತದೆ" ಎಂದು ನನ್ನನ್ನು ತೋರಿಸಿ ನೆಂಟರನ್ನೆಲ್ಲ ನಗಿಸಿದವನು ಅವನೇ. ನಾನು ಮರೆತಿಲ್ಲ. ಅವನು ಕರೆಸಿದ ಅತಿಥಿಗಳ ಭಾಷಣಗಳು ಉದ್ದವಾದವು, ಮುಚ್ಚಿದ ಪಾತ್ರೆಗಳು ಬೆಳಗಿನಿಂದ ಸೆಖೆಯಲ್ಲಿ ಕಾದಿದ್ದವು. ಎಲ್ಲರ ಎಲೆಗೂ ಅನ್ನ, ತೆಂಗಿನಕಾಯಿ ಅರೆದು ಮಾಡಿದ ಕಡಲೆ ಗಸಿ ಬಡಿಸಿಯಾದ ಮೇಲೆ ನನ್ನನ್ನು ಕರೆದರು.

ಗಸಿಯ ಮೊದಲ ತುತ್ತಿಗೇ ನಾಲಗೆಯ ಅಂಚಿಗೆ ಹುಳಿ ಹತ್ತಿತು. ಹುಣಸೆಯ ಹುಳಿಯಲ್ಲ, ಅರೆದ ತೆಂಗಿನಕಾಯಿ ಹಳಸತೊಡಗಿದ ಹುಳಿ ಎಂದು ತೋರಿತು. ತೋರಿತು, ಅಷ್ಟೇ. ಈ ವಯಸ್ಸಿನ ನಾಲಗೆಯನ್ನು ಎಷ್ಟು ನಂಬುವುದು? ಎದುರಿನ ಸಾಲಿನಲ್ಲಿ ಕಾರ್ಖಾನೆಯಲ್ಲಿ ದುಡಿದ, ಎಂಬತ್ತರ ಆಸುಪಾಸಿನ ಹೆಂಗಸರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಎಂತ ಮಾವ, ಅತಿಥಿಗಳು ಕಾಯ್ತಾ ಇದ್ದಾರೆ. ಒಮ್ಮೆ ನುಂಗಿ ಮಾರಾಯ್ರೆ!" ಎಂದ ಅಳಿಯ.

"ಗಸಿಯನ್ನು ಯಾರೂ ಮುಟ್ಟಬೇಡಿ," ಎಂದೆ.

"ಪುನಃ ಹುಳ ಕಂಡಿತಾ?"

ಕೆಲವರು ನಕ್ಕರು. ಅಳಿಯ ಬೆರಳದ್ದಿ ಬಾಯಿಗಿಟ್ಟ. "ಸರಿಯೇ ಉಂಟಲ್ಲ! ಇಷ್ಟು ಜನರೆದುರು ಮರ್ಯಾದೆ ತೆಗೀಬೇಡಿ."

ಅವನ ಮಾತು ನಿಜವಾದರೆ, ದೊಡ್ಡ ಮಾವನ ಹೆಸರಿನ ಊಟವನ್ನು ನಾನೇ ಕೆಡಿಸಿದಂತೆ. ಸುಳ್ಳಾದರೆ, ಈ ಮುದುಕಿಯರಲ್ಲಿ ಎಷ್ಟು ಮಂದಿ ಆಸ್ಪತ್ರೆಯಿಂದ ಮನೆಗೆ ಮರಳುವರು? ನಾನು ನನ್ನ ಎಲೆಯನ್ನು ಮಡಚಿದೆ. ಹಿರಿಯನು ಎಲೆ ಮಡಚಿದರೆ ಪಂಕ್ತಿ ಮುಗಿದಂತೆ.

ಬಳಿಕ ಮೊದಲ ಸಾಲಿನ ಮುದುಕಿಯೊಬ್ಬಳು ತನ್ನ ತುಂಬಿದ ಎಲೆಯನ್ನೂ ಮಡಚಿದಳು. "ಗಂಜಿ ಮಾಡಿಸಿ ಧಣಿ, ಉಪ್ಪಿನಕಾಯಿ ಉಂಟಲ್ಲ," ಎಂದಳು. "ಹಸಿವೆ ಜೋರುಂಟು, ಬೇಗ ಆಗಲಿ."

ಅತಿಥಿಗಳು ಉಣ್ಣದೆ ಹೊರಟುಹೋದರು, ಹೆಂಗಸರು ಗಂಜಿಗೆ ಕಾದು ಕುಳಿತರು. ಗಸಿಯನ್ನು ತೆಂಗಿನ ಬುಡಕ್ಕೆ ಸುರಿಸಿದೆವು. ಮರುದಿನ ಸಂಜೆಯವರೆಗೂ ನಾನು ನನ್ನ ಹೊಟ್ಟೆಯನ್ನೇ ಆಲಿಸುತ್ತ ಕುಳಿತಿದ್ದೆ, ಏನೂ ಆಗಲಿಲ್ಲ. "ನೋಡಿದಿರಾ?" ಎಂದು ಅಳಿಯ ಫೋನು ಮಾಡಿದ. ಒಂದು ತುತ್ತಿನಿಂದ ಯಾವುದೂ ರುಜುವಾಗದು ಎಂದೆ. ಮುಂದಿನ ವರ್ಷ ಎಲೆ ಹಾಕುವ ಮೊದಲೇ ನನ್ನನ್ನು ಕರೆಯತಕ್ಕದ್ದು ಎಂದೂ ಹೇಳಿದೆ.