ಹಿಂದಕ್ಕೆ ಹೋಗದ ಕಾರಲ್ಲಿ ಅಜ್ಜಿ ತಂಗಿ ಊರಿಗೆ

ನಮ್ಮ ದೊಡ್ಡಪ್ಪ ಕೊಂಡ್ಕೊಂಡು ಬಂದ ಕಾರಿಗೆ ನಾಲ್ಕು ಚಕ್ರ ಇದ್ವು. ಅಷ್ಟಕ್ಕೆ ನಾನು ಜವಾಬ್ದಾರಿ, ಉಳಿದಿದ್ದಕ್ಕೆ ನನ್ನ ಕೇಳಬ್ಯಾಡ್ರಿ. ನಮ್ಮ ದುರ್ಗದ ಕೋಟೆ ಕಟ್ಟಿ ಮಿಕ್ಕಿದ ಕಬ್ಬಿಣದಾಗೆ ಮಾಡಿರಬೇಕು, ಅಷ್ಟು ಹಳೇದು. ಬಣ್ಣ ಬಿಳಿ ಅಂತ ದೊಡ್ಡಪ್ಪ ಹೇಳ್ತಿದ್ರು, ಬೀದಿ ಜನ ಒಪ್ಪಿರಲಿಲ್ಲ. ಹಿಂದಿನ ಎಡಗಡೆ ಬಾಗಿಲು ಒಳಗಿಂದ ತೆಗೆಯೋಕೆ ಬರ್ತಿರಲಿಲ್ಲ. ಹೊರಗಿಂದ ಹ್ಯಾಂಡಲ್ ಎತ್ತಿ ಹಿಡ್ಕೊಂಡು ಕೆಳಗೆ ಒಂದು ಒದೆ ಕೊಡಬೇಕು. ಅದೂ ಎಲ್ಲಾರ ಒದೆಗೂ ತೆಗೀತಿರಲಿಲ್ಲ. ದೊಡ್ಡಪ್ಪನ ಒದೆ, ನನ್ನ ಒದೆ, ಇವೆರಡಕ್ಕೆ ಮಾತ್ರ ಮರ್ಯಾದೆ ಕೊಡ್ತಿತ್ತು.

ಇದು ಮನೇಲಿ ಎಲ್ಲಾರಿಗೂ ಗೊತ್ತಿದ್ದ ವಿಷಯ. ಯಾರಿಗೂ ಗೊತ್ತಿಲ್ಲದ್ದು ಬ್ಯಾರೆ ಇತ್ತು. ಆ ಕಾರು ಹಿಂದಕ್ಕೆ ಹೋಗ್ತಿರಲಿಲ್ಲ. ರಿವರ್ಸ್ ಗೇರು ಸತ್ತು ಎಷ್ಟು ವರ್ಷ ಆಗಿತ್ತೋ. ತಂದ ದಿನಾನೇ ದೊಡ್ಡಪ್ಪ ಅದನ್ನ ಕಾಂಪೌಂಡ್ ಗೋಡೆಗೆ ಮೂತಿ ಮುಟ್ಟಿಸಿ ನಿಲ್ಸಿ, ನನ್ನ ಸನ್ನೆ ಮಾಡಿ ಕರೆದ್ರು. "ಮಗಳೇ, ಮುಂದೆ ನಿಂತ್ಕಂಡು ಸ್ವಲ್ಪ ನೂಕು. ಅಜ್ಜಿಗೆ ಹೇಳಬ್ಯಾಡ, ಹೇಳಿದ್ರೆ ಜನ್ಮದಾಗೆ ಹತ್ತಲ್ಲ." ಅವತ್ತಿಂದ ಆ ಕಾರಿನ ರಿವರ್ಸ್ ಗೇರು ನಾನೇ. ಊಟ ಹಾಕಿದ್ರೆ ಓಡೋ ಗೇರು.

ಇಂಥ ಕಾರಲ್ಲಿ ನಾಲ್ಕು ತಾಲೂಕು ಸುತ್ತೋ ಯೋಚನೆ ಹುಟ್ಟಿದ್ದು ಅಜ್ಜಿಯಿಂದ. ಅಜ್ಜಿ ತಂಗಿ, ನಮ್ಮ ಚಿಕ್ಕಜ್ಜಿ, ಬಿ.ದುರ್ಗದಿಂದ ಆಚೆ ಒಂದು ಸಣ್ಣ ಹಳ್ಳೀಲಿ ಇರೋದು. ಆಯಮ್ಮನ ಕಣ್ಣು ಮಂಜಾಗ್ತಾ ಬಂದು, ಡಾಕ್ಟ್ರು ಕೈ ಚೆಲ್ಲಿದ್ರು. ಹೊತ್ತು ಮುಳುಗಿದ ಮ್ಯಾಲಂತೂ ಏನೂ ಕಾಣ್ತಿರಲಿಲ್ಲವಂತೆ. "ಪೂರ್ತಿ ಹೋಗೋದ್ರೊಳಗೆ ಅಕ್ಕನ ಮುಖ ಒಂದ್ಸಲ ನೋಡಬೇಕು" ಅಂತ ಹೇಳಿ ಕಳಿಸಿದ್ಲು. ಆದ್ರೆ ಅಜ್ಜಿಗೂ ಬಸ್ಸಿಗೂ ಆಗಲ್ಲ. ಬಸ್ ಸ್ಟ್ಯಾಂಡ್ ಅನ್ನೋ ಮಾತು ಕಿವಿಗೆ ಬಿದ್ರೆ ಸಾಕು, ನಿಂಬೆಹಣ್ಣು ಹುಡುಕ್ತಾಳೆ. ಕಾರಾದ್ರೂ ಅಷ್ಟೇ, ಎತ್ತಿನ ಗಾಡಿ ಹಂಗೆ ನಿಧಾನಕ್ಕೆ ಹೋಗಬೇಕು, ಆಗಾಗ ಇಳಿದು ನಾಕು ಹೆಜ್ಜೆ ನಡೀಬೇಕು, ಕತ್ತಲಾಗೋದ್ರೊಳಗೆ ಯಾವುದಾದ್ರೂ ನೆಂಟರ ಹಳ್ಳೀಲಿ ಚಾಪೆ ಹಾಸಬೇಕು. ಇದು ಅವಳ ಷರತ್ತು.

ದೊಡ್ಡಪ್ಪ ಪಡಸಾಲೆ ಕಡಪ ಕಲ್ಲಿನ ಮ್ಯಾಲೆ ಸೀಮೆಸುಣ್ಣದಾಗೆ ದಾರಿ ಬರೆದ್ರು. ದುರ್ಗದಿಂದ ಹಿರಿಯೂರು, ಜವನಗೊಂಡನಹಳ್ಳಿ, ಅಲ್ಲಿಂದ ಹೊಸದುರ್ಗದ ಕಡೆ ಮಾಡದಕೆರೆ, ಆಮ್ಯಾಲೆ ಹೊಳಲ್ಕೆರೆ, ಕೊನೇಗೆ ಬಿ.ದುರ್ಗ. ಅಜ್ಜಿ ಬಗ್ಗಿ ನೋಡಿದ್ಲು. ಓದೋಕೆ ಬರಲ್ಲ, ಆದ್ರೆ ದಿಕ್ಕು ಗೊತ್ತಾಗುತ್ತೆ.

"ಹೊಳಲ್ಕೆರೆ ಇಲ್ಲೇ ಮಗ್ಗುಲಾಗೈತೆ. ನೀನ್ಯಾಕಪ್ಪ ಹಿರಿಯೂರಿಗೆ ಹೊಂಟೀಯ?"

"ಅವ್ವ, ಚಿಕ್ಕವ್ವನ ಮನೆ ಕೊನೇಲಿಟ್ರೆ ನೀನು ಬೇಕಾದಷ್ಟು ದಿನ ಇರಬಹುದು."

"ಅಷ್ಟರಾಗೆ ಅವಳ ಕಣ್ಣು ಹೋದ್ರೆ?"

"ನಾಕು ದಿನದಾಗೆ ಎಲ್ಲಿಗೆ ಹೋಗುತ್ತೆ ಬಿಡವ್ವ."

ಅಸಲಿ ಕಾರಣ ಬ್ಯಾರೆ. ಹೋದ ದಾರೀಲೇ ವಾಪಸ್ ಬರಬೇಕಂದ್ರೆ ಎಲ್ಲಾದ್ರೂ ಒಂದು ಕಡೆ ಕಾರು ತಿರುಗಿಸಬೇಕು. ಸುತ್ತು ಹಾಕಿದ್ರೆ ಮುಂದೆ ಮುಂದೆ ಹೋಗ್ತಾನೇ ಮನೆ ಬಂದುಬಿಡುತ್ತೆ. ಜೊತೆಗೆ ದೊಡ್ಡಪ್ಪಂಗೆ ಕಾರು ಎಲ್ಲಾ ನೆಂಟರಿಗೂ ತೋರಿಸಬೇಕಿತ್ತು. ಅಜ್ಜಿ ಸೀಮೆಸುಣ್ಣದ ಗೆರೇನ ಸೆರಗಿನ ತುದೀಲಿ ಒರೆಸಿ ಎದ್ದು ಹೋದ್ಲು. ಒಪ್ಪಿದ್ಲೋ ಇಲ್ಲೋ ತಿಳೀಲಿಲ್ಲ.

ಸಾಯಂಕಾಲ ದೊಡ್ಡಪ್ಪ ನನ್ನ ಎಸ್‌ಟಿಡಿ ಬೂತಿಗೆ ಕರ್ಕೊಂಡು ಹೋಗಿ ನೆಂಟರಿಗೆಲ್ಲ ಫೋನ್ ಮಾಡಿದ್ರು. ಕ್ಷೇಮ ಸಮಾಚಾರ ಇಲ್ಲ, ಊಟ ಆಯ್ತಾ ಇಲ್ಲ. "ನಿಮ್ಮನೆ ಮುಂದೆ ಗಾಡಿ ರೌಂಡಾಗಿ ತಿರುಗೋಕೆ ಜಾಗ ಐತೇನ್ರಿ?" ಜವನಗೊಂಡನಹಳ್ಳಿಯೋರು ಗಾಬರಿ ಬಿದ್ದು "ಎಷ್ಟು ಜನ ಬರ್ತೀರಿ?" ಅಂತ ಕೇಳಿದ್ರು. ಮೂರು ಜನ ಅಂದ್ರೆ ನಂಬಲಿಲ್ಲ. ನಾವು ಹೋಗೋ ಹೊತ್ತಿಗೆ ಪಾಪ, ಹುಲ್ಲಿನ ಬಣವೆ ಕಿತ್ತು ಪಕ್ಕಕ್ಕೆ ಒಟ್ಟಿ, ಮದುವೆ ಬಸ್ಸು ನಿಲ್ಲೋವಷ್ಟು ಜಾಗ ಮಾಡಿ, ದೊಡ್ಡ ಹಂಡೇಲಿ ಅನ್ನಕ್ಕಿಟ್ಟಿದ್ರು. ಆ ಅನ್ನ ತಿನ್ನೋಕೆ ಊರ ದನಗಳಿಗೂ ಎರಡು ದಿನ ಬೇಕಾಯ್ತೇನೋ.

ನಾನು ಕಾಲೇಜಲ್ಲಿ ಆಗಲೇ ಡಂಗೂರ ಹೊಡೆದಿದ್ದೆ. ಸಂಕ್ರಾಂತಿ ರಜಕ್ಕೆ ಕಾರಲ್ಲಿ ಟೂರು, ದಾರಿ ತೋರಿಸೋಳು ನಾನೇ ಅಂತ. ಆದ್ರೆ ಹೊರಡೋ ಮುಂಚೆ ಒಂದು ವಾರ ಕಣ್ಣು ಮುಚ್ಚಿದ್ರೆ ಒಂದೇ ಕನಸು. ಇಕ್ಕಟ್ಟಾದ ದಾರಿ, ಎದುರಿಗೆ ಲಾರಿ, ನಾನು ಕಾರಿನ ಮೂತಿಗೆ ಭುಜ ಕೊಟ್ಟು ನೂಕ್ತಾ ಇದೀನಿ, ಕಾರು ಕದಲ್ತಿಲ್ಲ, ಅಜ್ಜಿ ಒಳಗಿಂದ ಗಾಜು ತಟ್ತಾ ಇದ್ದಾಳೆ.

ಹೈವೇಲಿ ನಮ್ಮ ಕಾರನ್ನ ಲಾರಿಗಳಿರಲಿ, ಒಂದು ಕುರಿ ಹಿಂಡೂ ಹಿಂದಾಕ್ತು. ಆಣೆ ಮಾಡಿ ಹೇಳ್ತೀನಿ, ಒಂದು ಕುರಿ ತಿರುಗಿ ನೋಡಿ ಮುಖ ಸಿಂಡರಿಸ್ತು. ಪ್ರತಿ ಲಾರಿ ಹಾರನ್ನಿಗೂ ನನ್ನ ಜೀವ ಬಾಯಿಗೆ ಬರ್ತಿತ್ತು. ಮಾರಿಕಣಿವೆ ಡ್ಯಾಮಿನ ಹತ್ರ ದೊಡ್ಡಪ್ಪ ನೀರು ನೋಡಾಣ ಅಂತ ಇಳಿಜಾರಲ್ಲಿ ನೀರಿನ ಕಡೆ ಮೂತಿ ಮಾಡಿ ನಿಲ್ಸಿದ್ರು. ನಿಲ್ಸಿ ಆದ್ಮೇಲೆ ನೆನಪಾಯ್ತು. ನನ್ನ ಮುಖ ನೋಡಿದ್ರು. ಅಜ್ಜಿ ಹಿಂದಿನ ಸೀಟಲ್ಲಿ ಗೊರಕೆ ಹೊಡೀತಿದ್ಲು. ಬೆನ್ನ ಹಿಂದೆ ಅಷ್ಟು ನೀರು, ಎದುರಿಗೆ ಅಷ್ಟು ಕಬ್ಬಿಣ, ನಡುವೆ ನಾನು. ಮೀನು ಹಿಡಿಯೋ ಮುದುಕರಿಬ್ಬರು ಬಂದು ಕೈ ಜೋಡಿಸದೆ ಇದ್ದಿದ್ರೆ ಇವತ್ತು ಇದನ್ನ ಮೀನುಗಳಿಗೆ ಹೇಳ್ತಿದ್ದೆ.

ಮಾಡದಕೆರೇಲಿ ಊರ ಹೊರಗೆ ಕೆರೆ ಹತ್ರಾನೇ ಕಾರು ಬಿಟ್ಟು ಹೊಲದ ಬದುವಿನ ಮ್ಯಾಲೆ ನಡ್ಕೊಂಡು ಹೋದ್ವಿ. ಅಲ್ಲಿ ಮಾತ್ರ ನನಗೆ ಹೆದರಿಕೆ ಇರಲಿಲ್ಲ. ನನ್ನ ಕಾಲಿಗೆ ಹಿಂದಕ್ಕೂ ಹೋಗೋಕೆ ಬರ್ತೈತಲ್ಲ.

ಕೊನೇ ದಿನ ಹೊಳಲ್ಕೆರೆ ದಾಟಿದಾಗಲೇ ಹೊತ್ತು ಇಳೀತಿತ್ತು. ಅಜ್ಜಿ ಬೆಳಗ್ಗೆಯಿಂದ ಒಂದೇ ಮಾತು. "ಬೇಗ ನಡೀರೋ, ಸಂಜೆ ಆದ್ರೆ ಅವಳಿಗೆ ಕಾಣಲ್ಲ." ಜೀವಮಾನದಾಗೆ ಮೊದಲನೇ ಸಲ ಜೋರಾಗಿ ಓಡಿಸು ಅಂದಿದ್ಲು. ಬಿ.ದುರ್ಗ ದಾಟಿ ಸಣ್ಣ ರಸ್ತೆಗೆ ತಿರುಗಿದ್ವಿ. ಮುಂದೆ ಟಾರು ಕಾಣ್ತಿರಲಿಲ್ಲ. ರಸ್ತೆ ತುಂಬ ಹುರುಳಿ ಗಿಡ ಹರವಿದ್ರು. ನಮ್ಮ ಕಡೆ ಸುಗ್ಗೀಲಿ ಎಲ್ಲಾರೂ ಹಂಗೇ ಮಾಡೋದು, ಬಸ್ಸು ಲಾರಿ ಮ್ಯಾಲೆ ಹಾದು ಕಾಳು ಬಿಡಿಸಿ ಕೊಡ್ತವೆ. ಬುದ್ಧಿ ಇರೋ ಕಾರಿನ ಡ್ರೈವರು ಮಾತ್ರ ದೂರದಿಂದಲೇ ನೋಡಿ ನಿಲ್ಲಿಸ್ತಾನೆ, ಇಲ್ಲ ಬ್ಯಾರೆ ದಾರಿ ಹಿಡೀತಾನೆ. ನಮಗೆ ಬ್ಯಾರೆ ದಾರಿ ಎಲ್ಲಿತ್ತು? ದೊಡ್ಡಪ್ಪ ನುಗ್ಗಿಸಿದ್ರು.

ಕಾರಿನ ಕೆಳಗೆ ಬರಬರ ಅಂತ ಸದ್ದು ಶುರುವಾಯ್ತು. ಸದ್ದು ದಪ್ಪ ಆಯ್ತು. ಕಾರು ಮುಗ್ಗರಿಸಿ ನಿಂತ್ಕಂತು. ಆಮ್ಯಾಲೆ ವಾಸನೆ. ಮೊದಲು ಯಾರೋ ಹುರುಳಿ ಹುರೀತಿದಾರೆ ಅನ್ಕೊಂಡೆ. ಕಾಲ ಹತ್ರ ಹೊಗೆ ಎದ್ದಾಗ ಗೊತ್ತಾಯ್ತು, ಹುರೀತಿರೋದು ನಾವೇ ಅಂತ. ಗಿಡದ ಕಡ್ಡಿ ಎಲ್ಲ ಕೆಳಗಡೆ ತಿರುಗೋ ರಾಡಿಗೆ ಹಗ್ಗದ ಥರ ಸುತ್ಕೊಂಡು ಕಾದಿತ್ತು.

ದೊಡ್ಡಪ್ಪ "ಇಳೀರಿ, ಇಳೀರಿ" ಅಂತ ಹಾರಿ, ಕ್ಯಾನಿನ ನೀರು ತಗಂಡು ಕಾರಿನ ಕೆಳಗೆ ತೂರಿದ್ರು. ನಾನೂ ಇಳಿದೆ. ಅಜ್ಜಿ ಇಳೀಲಿಲ್ಲ. ಆ ಒದೆ ತಿನ್ನೋ ಎಡಗಡೆ ಬಾಗಿಲು. ಆ ಕನಸಿನ ಗಾಜು. ಆದ್ರೆ ಅಜ್ಜಿ ತಟ್ತಿರಲಿಲ್ಲ. ಚಿಕ್ಕಜ್ಜಿಗೆ ತಂದ ಸೀರೆ ಗಂಟು ಎದೆಗೆ ಒತ್ಕಂಡು ನನ್ನೇ ನೋಡ್ತಿದ್ಲು. ಹ್ಯಾಂಡಲ್ ಎತ್ತಿ ಒದ್ದೆ. ತೆಗೀಲಿಲ್ಲ. ಹೆದರಿದೋಳ ಒದೆಗೆ ಬಾಗಿಲು ಯಾಕೆ ಮರ್ಯಾದೆ ಕೊಡುತ್ತೆ? ಇನ್ನೊಂದ್ಸಲ ಒದ್ದೆ. ಹೊಗೆ ಸೀಟಿನ ಮಟ್ಟಕ್ಕೆ ಬಂದಿತ್ತು. ಆಗ ನನ್ನ ಬಾಯಿಂದ ಅಳು ಬಂತು. ಇದನ್ನ ನಾನು ಕಾಲೇಜಲ್ಲಿ ಹೇಳುವಾಗ ಬಿಟ್ಟು ಹೇಳ್ತೀನಿ. ಅತ್ಕಂಡೇ ಮೂರನೇ ಸಲ ಒದ್ದೆ. ತೆಗೀತು. ಅಜ್ಜಿನ ರಟ್ಟೆ ಹಿಡಿದು ಎಳೆದು ಹೊಲಕ್ಕೆ ತಂದು ಕೂರಿಸಿದೆ.

ಹೊಲದಿಂದ ಹೆಣ್ಣಾಳು ಗಂಡಾಳು ಓಡಿ ಬಂದು, ಕೊಡದಾಗಿನ ನೀರು ಸುರಿದು ಹೊಗೆ ಆರಿಸಿದ್ರು. ಹುರುಳಿ ಯಜಮಾನಿ, ಕುಡುಗೋಲು ಹಿಡಿದಿದ್ದ ಗಟ್ಟಿ ಹೆಂಗಸು, ಬಗ್ಗಿ ನೋಡಿದ್ಲು. "ಅರ್ಧ ಹೊಲ ನಿಮ್ಮ ಗಾಡೀನೇ ನುಂಗೈತಲ್ರಿ. ಸುತ್ತಿರೋದು ಸಡ್ಲ ಆಗಬೇಕು, ಸ್ವಲ್ಪ ಹಿಂದಕ್ಕೆ ತಗಳ್ರಿ."

ದೊಡ್ಡಪ್ಪ ನನ್ನ ನೋಡಿದ್ರು. ನಾನು ಆಕಾಶ ನೋಡಿದೆ.

"ಹಿಂದಕ್ಕೆ ತಗಳ್ರಿ ಅಂದ್ರೆ ನಿಂತೀರಲ್ಲ."

"ಅದು ಹಿಂದಕ್ಕೆ ಬರಲ್ಲಮ್ಮ," ಅಂದ್ಲು ಅಜ್ಜಿ, ಕುಂತಲ್ಲಿಂದಲೇ.

ದೊಡ್ಡಪ್ಪನ ಮುಖ ಹುರುಳಿ ಕಾಳಿನಷ್ಟಾಯ್ತು. "ನಿಂಗೆ ಯಾರವ್ವ ಹೇಳಿದ್ದು?"

"ಯಾರು ಹೇಳಬೇಕು? ಈ ಹುಡುಗಿ ದಿನಾ ಬೆಳಗ್ಗೆ ಗೂಳಿ ಥರ ಕಾರಿಗೆ ಹಾಯೋದು ಅಡಿಗೆಮನೆ ಕಿಟಕೀಲಿ ಕಾಣಲ್ವೇನೋ?"

"ಗೊತ್ತಿದ್ದೂ ಹತ್ತಿದ್ಯಾ?" ಅಂದೆ ನಾನು.

"ನಿಮ್ಮ ಗೇರು ಸರಿಯಾಗೋ ಗಂಟ ನನ್ನ ತಂಗಿ ಕಣ್ಣು ಕಾಯುತ್ತೇನೇ?" ಎದ್ದು ನಿಂತ್ಲು. "ಊರು ಅಲ್ಲೇ ಕಾಣ್ತೈತೆ. ನಡಿ."

ಹುಣಸೆ ಮರಗಳ ಹಿಂದೆ ಊರು ಕಾಣ್ತಿತ್ತು ನಿಜ. ನಮ್ಮ ಬೆನ್ನ ಹಿಂದೆ ಸೂರ್ಯ ನೆಲಕ್ಕೆ ಅದಕ್ಕಿಂತ ಹತ್ರ ಇದ್ದ. ಅಜ್ಜಿ ನನ್ನ ಹೆಗಲ ಮ್ಯಾಲೆ ಭಾರ ಹಾಕಿ ನಡೆದ್ಲು. ಮಂಡಿ ನೋವಿಗೆ ಹೆಜ್ಜೆಗೊಂದ್ಸಲ ಉಸಿರು ಬಿಗಿ ಹಿಡೀತಿದ್ಲು. ಬೆಂಕಿಗೆ ಆದ ಹೆದರಿಕೆಗಿಂತ ಇದು ಹೆಚ್ಚು. ಬೆಂಕಿಗಾದ್ರೆ ನೀರು ಹಾಕಬಹುದು, ಇಳಿಯೋ ಬಿಸಿಲಿಗೆ ಏನು ಹಾಕ್ತೀರಿ? ನಮ್ಮ ನೆರಳು ಉದ್ದ ಆಗ್ತಾ ಆಗ್ತಾ ನಮಗಿಂತ ಮುಂಚೆ ಊರು ಸೇರಿತ್ತು. ನಾನು ಬಿಸಿಲು ಯಾವ ಗೋಡೆ ಮ್ಯಾಲೆ ಉಳಿದೈತೆ ಅಂತ ಅದನ್ನೇ ನೋಡ್ಕಂಡು ನಡೆದೆ. ಆ ದಾರೀಲಿ ನಾನು ಒಂದೂ ಜೋಕು ಮಾಡಲಿಲ್ಲ, ನಂಬ್ರಿ.

ಚಿಕ್ಕಜ್ಜಿ ಜಗಲಿ ಮ್ಯಾಲೆ ಕುಂತಿದ್ಲು. ಮನೆ ಮಾಡಿನ ಅಂಚಲ್ಲಿ ಒಂದು ಮೊಳ ಬಿಸಿಲಿತ್ತು. ಹೆಜ್ಜೆ ಸದ್ದಿಗೇ ಎದ್ದು, ಅಜ್ಜಿ ಗದ್ದ ಹಿಡಿದು ಮುಖನ ಬಿಸಿಲಿನ ಕಡೆ ತಿರುಗಿಸಿದ್ಲು. ಕಾಳಿನಾಗೆ ಕಲ್ಲು ಹುಡುಕ್ತಾರಲ್ಲ, ಹಂಗೆ ಹಣೆ, ಕಣ್ಣು, ಮೂಗು ಎಲ್ಲಾ ಹತ್ರದಿಂದ ನೋಡಿದ್ಲು. ಕಾಣ್ತೋ ಇಲ್ವೋ.

"ಏನಕ್ಕ," ಅಂದ್ಲು ಚಿಕ್ಕಜ್ಜಿ, "ಇಷ್ಟು ಮುದುಕಿ ಆಗಿದ್ಯಲ್ಲ. ನೋಡದೆ ಇದ್ದಿದ್ರೇ ಚೆನ್ನಾಗಿತ್ತು."

"ನಿನ್ನ ಕಣ್ಣಿಗೆ ಏನೂ ಆಗಿಲ್ಲ ಬಿಡೇ," ಅಂದ್ಲು ಅಜ್ಜಿ. ಇಬ್ಬರೂ ಒಬ್ಬರನ್ನೊಬ್ಬರು ಹಿಡ್ಕಂಡು ಅಲ್ಲೇ ಕುಂತ್ಕಂಡ್ರು, ಬಿಸಿಲು ಹೋದ ಮ್ಯಾಲೂ ಬಿಡಲಿಲ್ಲ.

ಆಮ್ಯಾಲೆ ಬೀದಿ ತುದೀಲಿ ಗಡಗಡ ಸದ್ದಾಯ್ತು. ಹುರುಳಿಯೋರು ಕಡ್ಡಿ ಕೊಯ್ದು ಬಿಡಿಸಿ ಕಳಿಸಿದ್ರಂತೆ. ದೊಡ್ಡಪ್ಪ ಖುಷೀಲಿ ಊರ ಹೊರಗೆ ನಿಲ್ಲಿಸೋದು ಮರೆತು ಸೀದಾ ಓಣಿಯೊಳಗೆ ತಂದು, ಚಿಕ್ಕಜ್ಜಿ ಮನೆ ಗೋಡೆಗೆ ಮೂತಿ ಇಟ್ರು. ಮುಂದೆ ದಾರಿ ಇರಲಿಲ್ಲ. ಗಾಜಿನಿಂದ ತಲೆ ಹೊರಗೆ ಹಾಕಿ ನನಗೆ ಸನ್ನೆ ಮಾಡಿದ್ರು. ನಾನು ತೋಳು ಮಡಚ್ತಾ ಎದ್ದೆ.

ಅಜ್ಜಿ ನನ್ನ ಲಂಗ ಹಿಡಿದು ಎಳೆದು ಕೂರಿಸಿದ್ಲು. "ನೂಕಬ್ಯಾಡ ಕಣೇ. ನಾನು ಹೇಳೋ ಗಂಟ ಅದು ಅಲ್ಲೇ ನಿಂತಿರ್ಲಿ."