ಹೆಸರು ಹಿಡಿದು ಕರೆಯುವುದು

ಇಂದು ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತು, "ಯಾರಾದರೂ ಒಂದು ಕಪ್ ಚಹಾ ಕೊಡಿ" ಎಂದೆ. ಒಳಗೆ ಮೂವರಿದ್ದರು. ಅರ್ಧ ತಾಸಾದರೂ ಚಹಾ ಬರಲಿಲ್ಲ. ನಿಮ್ಮ ಮನೆಯಲ್ಲಿಯೂ ಹೀಗಾಗುವುದುಂಟೇ? ಕಾಯುತ್ತ ಕುಳಿತ ನನ್ನ ಮೂಗಿಗೆ ಮಾತ್ರ, ಎಂದೋ ಆರಿಹೋದ ಸ್ಪಿರಿಟ್ ಸ್ಟೋವಿನ ವಾಸನೆ ಬಂದಂತಾಯಿತು.

ಐವತ್ತರ ದಶಕದ ಮಾತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವೈದ್ಯಕೀಯ ಪದವಿ ಪಡೆದು ಜತ್ತ ತಾಲೂಕಿನ ಸಣ್ಣದೊಂದು ದವಾಖಾನೆಗೆ ಬಂದೆ. ಕಂಪೌಂಡರ್ ಶಿವಪ್ಪನವರಿಗೆ ನನ್ನ ತಂದೆಯ ವಯಸ್ಸು. ನರ್ಸ್ ಶಾಂತಾಬಾಯಿಯವರು ನನ್ನ ತಾಯಿಗಿಂತ ಹಿರಿಯರು. ಹಿರಿಯರನ್ನು ಹೆಸರು ಹಿಡಿದು ಕರೆಯಬಾರದೆಂದು ಕಲಿತವನು, ಅವರಿಗೆ ಆಜ್ಞೆ ಮಾಡುವುದೆಂತು? "ಯಾರಾದರೂ ದಯವಿಟ್ಟು" ಎಂಬುದೇ ನನ್ನ ನಿತ್ಯದ ಪಲ್ಲವಿಯಾಯಿತು. ವಾಕ್ಯ ಶುದ್ಧವಾಗಿತ್ತು, ನನಗೆ ಅಷ್ಟೇ ಸಮಾಧಾನ.

ಒಂದು ಮಧ್ಯಾಹ್ನ ದರಿಬಡಚಿಯಿಂದ ಯಲ್ಲವ್ವ ಎಂಬ ಬಾಣಂತಿಯನ್ನು ಚಕ್ಕಡಿಯಲ್ಲಿ ತಂದರು. ಹೆರಿಗೆಯಾದ ಮೇಲೆ ರಕ್ತ ನಿಂತಿರಲಿಲ್ಲ. ಎರಡೂ ಕೈಗಳಿಂದ ಗರ್ಭಕೋಶವನ್ನು ಅದುಮಿ ಹಿಡಿದೆ, ಬಿಡುವಂತಿರಲಿಲ್ಲ. "ಯಾರಾದರೂ ಇಂಜೆಕ್ಷನ್ ಕೊಡಿ" ಎಂದೆ. ಅದು ಶಾಂತಾಬಾಯಿಯವರಿಗೆ ಹೇಳಿದ್ದೆಂದು ತಿಳಿದ ಶಿವಪ್ಪನವರು, ರಕ್ತ ತಲೆಯತ್ತ ಹರಿಯಲೆಂದು, ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸತೊಡಗಿದರು. ಶಿವಪ್ಪನವರಿಗೆ ಹೇಳಿದ್ದೆಂದು ತಿಳಿದ ಶಾಂತಾಬಾಯಿಯವರು ನಾಡಿ ಹಿಡಿದು ನಿಂತರು. ಸ್ಪಿರಿಟ್ ಸ್ಟೋವಿನ ಮೇಲೆ ಸಿರಿಂಜು ಸುಮ್ಮನೆ ಕುದಿಯುತ್ತಿತ್ತು.

"ನಾಡಿ ಸಿಗವಲ್ದರಿ, ಸಾಹೇಬ್ರ" ಎಂದರು ಶಾಂತಾಬಾಯಿ.

ಬಾಗಿಲಲ್ಲಿದ್ದ ಯಲ್ಲವ್ವನ ಅತ್ತೆ, ಕುರಿ ಕಾಯುವ ಮುದುಕಿ, ಸಿಡಿದಳು: "ಯಾರಿಗಿ ಹೇಳಾಕತ್ತೀಯೋ ಯಪ್ಪಾ? ನನ್ನ ನಾಯಿನೂ ಹೆಸರ ಹಿಡದ ಕರದ್ರ ಬರತೈತಿ!"

ನನ್ನ ಗ್ರಂಥಭಾಷೆ ಅಲ್ಲಿಯೇ ಉದುರಿತು. "ಶಿವಪ್ಪಾರ, ನೀವು ಇಂಜೆಕ್ಷನ್ ತುಂಬ್ರಿ. ಶಾಂತಾಬಾಯಾರ, ನೀವು ಚುಚ್ಚರಿ. ನಾ ಏನಂದೆ, ಹೊಳ್ಳಿ ಹೇಳ್ರಿ!"

"ನಾ ತುಂಬತೇನ್ರಿ."

"ನಾ ಚುಚ್ಚತೇನ್ರಿ." ಮರುಗಳಿಗೆಯಲ್ಲೇ, "ಚುಚ್ಚಿದ್ನಿರಿ."

ಮೆತ್ತಗಿದ್ದ ಗರ್ಭಕೋಶ ನನ್ನ ಅಂಗೈಯಡಿ ನಿಧಾನವಾಗಿ ಚೆಂಡಿನಂತೆ ಬಿಗಿಯಿತು. ಬಹಳ ಹೊತ್ತಿನ ಮೇಲೆ ಶಾಂತಾಬಾಯಿಯವರೆಂದರು: "ನಾಡಿ ಸಿಕ್ತರಿ."

ಹೆಸರಿಲ್ಲದ ಆಜ್ಞೆ ಇಲ್ಲಿ ಹೊರಡಕೂಡದು, ಕೇಳಿದವರು ತಿರುಗಿ ಹೇಳುವವರೆಗೆ ಅದು ಮುಗಿಯಲೂ ಕೂಡದು ಎಂದು ಅಂದೇ ನಿಶ್ಚಯಿಸಿದೆ. ನಾನು ತಪ್ಪಿದರೆ, "ಯಾರಿಗ್ರಿ?" ಎಂದು ತಡೆಯುವ ಅಧಿಕಾರವನ್ನು ಅವರಿಬ್ಬರಿಗೂ ಕೊಟ್ಟೆ. ಅವರು ಅದನ್ನು ಧಾರಾಳವಾಗಿಯೇ ಬಳಸಿದರು.

ಆದರೆ ಆ ನಿಶ್ಚಯ ನನ್ನ ಮನೆಯ ಹೊಸ್ತಿಲು ದಾಟಿರಲಿಲ್ಲ. ಹೆಂಡತಿಯನ್ನು ಇಷ್ಟು ವರ್ಷ "ಏ, ಕೇಳ್ದೇನ" ಎಂದೇ ಕರೆದವನು, ಇಂದು ದನಿ ಎತ್ತಿದೆ: "ಕಮಲಾ, ಒಂದು ಕಪ್ ಚಹಾ."

ಒಳಗೆ ಪಾತ್ರೆಗಳ ಸದ್ದು ನಿಂತಿತು.

"ನನ್ನ ಹೆಸರ ನಿಮಗ ನೆನಪೈತೇನ್ರಿ?" ಎಂದಳು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಿನ ಜೊತೆಗೇ, "ಒಂದ ಕಪ್ಪ ಚಹಾ. ನಾನ ತರತೇನ್ರಿ."